ಸೋಲುವ ಸೀಟಿನ ಗುರಪ್ಪ

ಗುರಪ್ಪನಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ. ಎತ್ತುಗಳನ್ನು ಮಾತ್ರ ಮರೆಯುತ್ತಿರಲಿಲ್ಲ. ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲೋ ಹುನಗುಂದದ ಸಂತೆಯಲ್ಲೋ ಯಾರಾದರೂ ಎದುರು ಬಂದು ಕೈಮುಗಿದರೆ ಒಂದು ಗಳಿಗೆ ಅವರ ಮುಖವನ್ನೇ ಪಿಳಿಪಿಳಿ ನೋಡುತ್ತಿದ್ದ. ಆಮೇಲೆ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, "ನಿಮ್ಮದು ಆ ಎಡಗೊಂಬು ಮುರದ ಎತ್ತು ಹೆಂಗೈತಿ? ಈಗರ ಜೋಡಿ ಕೂಡ ಸಮ ನಡೀತೈತಿಲ್ಲೋ?" ಎಂದು ಕೇಳುತ್ತಿದ್ದ. ಅಷ್ಟು ಸಾಕು, ಆ ಮನುಷ್ಯ ನಿಂತಲ್ಲೇ ಕರಗಿಹೋಗುತ್ತಿದ್ದ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದವರು ತಲೆ ಕೆರೆದುಕೊಂಡು, "ಕೊಟ್ಟಬಿಟ್ಟೆವ್ರಿ" ಎಂದರೆ, "ಯಾರಿಗೆ ಕೊಟ್ಟಿ? ಚಲೋ ಮನಿ ಸೇರ್ಯಾವಿಲ್ಲೋ?" ಎಂದು ಮಗಳನ್ನು ಕೊಟ್ಟ ಮನೆ ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದ. ಪಕ್ಕದಲ್ಲಿ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಆ ಮನುಷ್ಯನ ಹೆಸರು, ಅವನಪ್ಪನ ಹೆಸರು, ಹೊಲದ ಸರ್ವೇ ನಂಬರು, ಅಣ್ಣತಮ್ಮಂದಿರ ದಾವೆ, ಎಲ್ಲ ನನಗೆ ಗೊತ್ತಿರುತ್ತಿತ್ತು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ನಾವಿಬ್ಬರೂ ಬೇವೂರಿನವರು, ಒಂದೇ ಸಾಲಿ, ಒಂದೇ ಬೆಂಚು. ಏಳನೆಯದಕ್ಕೆ ಅವನು ಪಾಟಿಚೀಲ ಮೂಲೆಗೆಸೆದು ಕುರಿ ಹಿಂದೆ ಹೋದ, ಆಮೇಲೆ ಎತ್ತಿನ ಹಿಂದೆ. ನಾನು ಬಾಗಲಕೋಟೆಯಲ್ಲಿ ಬಿ.ಎ. ಮಾಡಿ, ಕಾನೂನು ಓದಿ, ಕರಿಕೋಟು ಹಾಕಿದೆ. ಊರು ಆಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದವರ ಪರಿಹಾರದ ಅರ್ಜಿಗಳನ್ನು ಬರೆದು ಬರೆದು ನನ್ನ ಬೆರಳಲ್ಲಿ ಗಂಟು ಬಿದ್ದಿದೆ. ಅವನೋ, ಪೇಪರು ಕೊಟ್ಟರೆ ಅಕ್ಷರದ ಕೆಳಗೆ ಬೆರಳಿಟ್ಟು ಓದುವವನು. ಶಾಸಕನಾದ ಮೇಲೂ ನನ್ನನ್ನು "ಚನ್ನ್ಯಾ" ಎಂದೇ ಕರೆಯುತ್ತಿದ್ದ. ನಾನೂ ಅವನನ್ನು "ಗುರ್ಯಾ" ಎನ್ನುತ್ತಿದ್ದೆ. ನಾಲ್ಕು ಜನ ದೊಡ್ಡವರಿದ್ದಾಗ ಬೇಕಂತಲೇ ಸ್ವಲ್ಪ ಗಟ್ಟಿಯಾಗಿ ಎನ್ನುತ್ತಿದ್ದೆ. ಅವನು ಅದಕ್ಕೂ "ಏನಪಾ" ಎಂದು ತಿರುಗಿ ನೋಡುತ್ತಿದ್ದನೇ ಹೊರತು ಮುಖ ಸಣ್ಣದು ಮಾಡಿದವನಲ್ಲ.

ಅವನನ್ನು ರಾಜಕೀಯಕ್ಕೆ ತಂದವನು ನಾನೇ. ಇದನ್ನು ಹೇಳಿದರೆ ಜನ, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಪಕ್ಷದ ತಾಲ್ಲೂಕು ಮುಖಂಡರು, ಜಿಲ್ಲಾ ಪಂಚಾಯ್ತಿಗೆ ನಿಲ್ಲಿ ಎಂದು ನವನಗರದ ನನ್ನ ಮನೆಗೇ ಬಂದಿದ್ದರು. ಆ ಸೀಟು ಪಕ್ಷ ಎಂದೂ ಗೆದ್ದದ್ದಲ್ಲ. ಸೋಲುವ ಸೀಟಿಗೆ ನಿಂತು ಹೆಸರು ಯಾಕೆ ಕೆಡಿಸಿಕೊಳ್ಳಲಿ, ಮುಂದೆ ನೇರವಾಗಿ ವಿಧಾನಸಭೆಗೇ ನಿಂತರಾಯಿತು ಎಂಬುದು ನನ್ನ ಜಾಣತನ. "ನಮ್ಮೂರಾಗ ಗುರಪ್ಪಂತ ಒಬ್ಬ ಅದಾನ್ರಿ, ಅವನ್ನ ನಿಂದ್ರಸ್ರಿ" ಎಂದುಬಿಟ್ಟೆ. ಫಾರ್ಮು ಹಿಡಿದುಕೊಂಡು ನಾನೇ ಅವನ ಹೊಲಕ್ಕೆ ಹೋದೆ. ಜೋಳದಲ್ಲಿ ಎಡೆ ಹೊಡೆಯುತ್ತಿದ್ದ.

"ನಾ ಅಲ್ಲಿ ಹೋಗಿ ಏನ್ ಮಾಡ್ಲೋ ಚನ್ನ್ಯಾ?"

"ಏನೂ ಮಾಡಬ್ಯಾಡ. ಸಹಿ ಮಾಡು, ಸಾಕು."

"ನೀ ಹೇಳ್ತಿ ಅಂದ್ರ ಬರೋಬರಿ ಇರಬೇಕು ಬಿಡು" ಎಂದು, ಹಿಡಿದ ಸಾಲನ್ನು ಕೊನೆ ಮುಟ್ಟಿಸಿ ಬಂದು ಸಹಿ ಮಾಡಿದ.

ಪ್ರಚಾರಕ್ಕೆ ಹೋದರೆ ಅವನು ಮನೆ ಬಾಗಿಲಿಗೆ ಹೋಗುತ್ತಿರಲಿಲ್ಲ, ಸೀದಾ ದನದ ಕೊಟ್ಟಿಗೆಗೆ ನುಗ್ಗುತ್ತಿದ್ದ. ಎತ್ತಿನ ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಹೊಟ್ಟೆ ಉಬ್ಬಿದ್ದರೆ ಎಣ್ಣೆ ಕುಡಿಸಿ, ಅದು ಸೆಗಣಿ ಹಾಕುವವರೆಗೆ ಕೂತಿರುತ್ತಿದ್ದ. ಇನ್ನೂ ಹತ್ತು ಊರು ಬಾಕಿ ಇವೆ ಎಂದು ಪಕ್ಷದವರು ತಲೆ ತಲೆ ಚಚ್ಚಿಕೊಂಡರು. ಗೆದ್ದ! ಅದೂ ಹೇಗೆ, ಎದುರಾಳಿಯ ಸ್ವಂತ ಊರಿನವರೂ ಅವನಿಗೇ ಒತ್ತಿದ್ದರು. ಮುಂದಿನ ಸಲ ವಿಧಾನಸಭೆಯ ಟಿಕೆಟ್ಟೂ ಅವನಿಗೇ ಹೋಯಿತು. ಬಸ್ಸಿನಲ್ಲಿ ಟವೆಲ್ಲು ಹಾಕಿ ಸೀಟು ಹಿಡಿದಿಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ಇನ್ನೊಬ್ಬ ಕೂತಂತಾಯಿತು ನನ್ನ ಗತಿ. ಆ ಇನ್ನೊಬ್ಬನನ್ನು ಕೈಹಿಡಿದು ಬಸ್ಸು ಹತ್ತಿಸಿದವನೂ ನಾನೇ.

ಹುನಗುಂದದ ಮೊದಲ ದೊಡ್ಡ ಸಭೆಗೆ ಭಾಷಣ ಬರೆದುಕೊಟ್ಟವನು ನಾನು. ಎರಡು ದಿನ ಕೂತು ಬರೆದಿದ್ದೆ, ವಚನದ ಮಾತಿತ್ತು, ನೀರಾವರಿಯ ಅಂಕಿಸಂಖ್ಯೆ ಇತ್ತು. ಅವನು ಮೈಕಿನ ಮುಂದೆ ನಿಂತು, ಬೆರಳಿಟ್ಟು ಎರಡು ಸಾಲು ಓದಿ, ಮೂರನೆಯದರಲ್ಲಿ ಸಿಕ್ಕಿಕೊಂಡ. ಜನ ಗುಸುಗುಸು ಎಂದರು. ಖರೆ ಹೇಳುತ್ತೇನೆ, ನನಗೆ ಒಳಗೊಳಗೆ ಸಂತೋಷವಾಯಿತು. ಅವನು ಕಾಗದ ಮಡಚಿ ಅಂಗಿಯ ಜೇಬಿಗಿಟ್ಟು, "ಇದನ್ನ ನಮ್ಮ ಚನ್ನಬಸಪ್ಪ ವಕೀಲ ಬರದಾನ್ರಿ. ಭಾಳ ಶಾಣ್ಯಾ. ಓದಾಕ ನಾ ಶಾಣ್ಯಾ ಇಲ್ಲ" ಎಂದ. ಇಡೀ ಮೈದಾನ ನಕ್ಕಿತು. ಆಮೇಲೆ ಅರ್ಧ ತಾಸು ಮೇವು, ನೀರು, ದನದ ದವಾಖಾನಿಯ ಮಾತಾಡಿದ. ಶಿಳ್ಳೆಯೋ ಶಿಳ್ಳೆ. ನನ್ನ ಎರಡು ದಿನದ ಬರಹ ಅವನ ಜೇಬಿನಲ್ಲಿ ಬೆವರು ಕುಡಿಯುತ್ತಿತ್ತು.

ತನ್ನನ್ನು ದಡ್ಡನೆನ್ನಲೂ ಅವನು ಬಿಡಲಿಲ್ಲವಲ್ಲ, ಅದೇ ನನ್ನ ಸಂಕಟ. ಬಾದಾಮಿಯಲ್ಲಿ ಒಮ್ಮೆ ಕಾಲುವೆಯ ಬಗ್ಗೆ ಅಧಿಕಾರಿಗಳ ಸಭೆ. ದಾರಿಯುದ್ದಕ್ಕೂ ಕಾರಿನಲ್ಲಿ ನಾನು ದಪ್ಪ ವರದಿ ಓದಿ ಹೇಳಿದ್ದೆ. ಕಾಲುವೆಯ ಕಟ್ಟಕಡೆಯ ಹೊಲಕ್ಕೂ ನೀರು ಮುಟ್ಟಿದೆ ಎಂದು ಅದರಲ್ಲಿ ನಕ್ಷೆ ಸಮೇತ ಬರೆದಿತ್ತು. ನಾನು ನಂಬಿದ್ದೆ. ಸಭೆಯಲ್ಲಿ ಇಂಜಿನಿಯರು ಅದನ್ನೇ ಒಪ್ಪಿಸಿ ಕೂತ. ಗುರಪ್ಪ ಆಕಳಿಸಿ ಕೇಳಿದ, "ಸಾಹೇಬ್ರ, ಆ ಕಡೀ ಹೊಲದಾಗ ಈ ಸಲ ಏನ್ ಬೆಳದಾರ್ರಿ?"

"ಕಡಲೆ, ಬಿಳಿಜೋಳ ಸರ್. ಭಾಳ ಚಲೋ ಬಂದೈತಿ."

"ನೀರು ಬಂದಿದ್ರ ನಮ್ಮ ಮಂದಿ ಕಡ್ಲಿ ಯಾಕ ಬಿತ್ತತಿದ್ರೋ ತಮ್ಮಾ? ಕಬ್ಬು ಹಚ್ಚತಿದ್ರು."

ಇಂಜಿನಿಯರು ನೀರು ಕುಡಿದ. ಇಬ್ಬನಿಯ ತಂಪಿಗೆ ಬರುವ ಬೆಳೆ ಯಾವುದು, ನೀರು ಬೇಡುವ ಬೆಳೆ ಯಾವುದು ಎಂದು ನನಗೆ ಗೊತ್ತಿಲ್ಲವೇ? ನಾನೂ ಒಕ್ಕಲಿಗನ ಮಗನೇ. ಆದರೆ ನಕ್ಷೆ ನೋಡುತ್ತ ಕೂತವನಿಗೆ ಹೊಲ ಹೊಳೆಯಲೇ ಇಲ್ಲ. ಅವತ್ತು ವಾಪಸು ಬರುವಾಗ ಕಾರಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುವಿ ಕೂತೆ. "ಹಸಿವಾಗೈತೇನೋ?" ಎಂದು ಕೇಳಿ, ಗಾಡಿ ನಿಲ್ಲಿಸಿ ಮಿರ್ಚಿಭಜಿ ತಿನ್ನಿಸಿದ. ತಿಂದೆ. ಹೊಟ್ಟೆ ಮೊದಲೇ ಉರಿಯುತ್ತಿತ್ತು, ಇನ್ನಷ್ಟು ಉರಿಯಿತು.

ಇಳಕಲ್ಲಿನಲ್ಲಿ ನನ್ನ ಮಗಳ ಮದುವೆ. ಹೆಣ್ಣಿನ ತಂದೆ ನಾನು. ಗುರಪ್ಪ ಮಂಟಪಕ್ಕೆ ಕಾಲಿಟ್ಟಿದ್ದೇ ತಡ, ನನ್ನ ಬೀಗರು ನನ್ನ ಕೈಬಿಟ್ಟು ಓಡಿದರು. ವೇದಿಕೆಯಲ್ಲಿ ಅವನ ಜೊತೆ ಫೋಟೋಕ್ಕೆ ನೂಕುನುಗ್ಗಲು. ಫೋಟೋದವನು ನನಗೆ, "ಯಜಮಾನ್ರ, ಒಂಚೂರು ಆ ಕಡೆ ಸರೀರಿ, ಎಮ್ಮೆಲ್ಲೆ ಸಾಹೇಬ್ರು ಬೀಳವಲ್ರು" ಎಂದ. ಸರಿದೆ. ನನ್ನ ಮಗಳ ಮದುವೆಯಲ್ಲಿ ನಾನೇ ಸರಿದೆ! ಅವನು ಕೈಚಾಚಿ ನನ್ನನ್ನು ಎಳೆದುಕೊಂಡ. ಆಲ್ಬಮ್ಮಿನಲ್ಲಿ ನನ್ನ ಅರ್ಧ ಮುಖ, ಒಂದು ಕಿವಿ ಬಂದಿವೆ. ಹೆಂಡತಿ ಆ ಪುಟ ತೆರೆದಾಗಲೆಲ್ಲ, "ಎಷ್ಟು ಸಾದಾ ಮನಿಷ್ಯಾರೀ" ಎನ್ನುತ್ತಾಳೆ. ಯಾರಿಗೆ ಎನ್ನುವುದನ್ನು ಬೇರೆ ಹೇಳಬೇಕೇ?

ವಿಧಾನಸಭೆಗೆ ಎರಡು ಸಲ ಗೆದ್ದ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಏರಿತು, ಮೊಣಕಾಲು ಹಿಡಿಯಿತು. "ಇನ್ನ ಸಾಕಪಾ, ನಾ ನಿಂದ್ರೂದಿಲ್ಲ" ಎಂದು ಅವನೇ ನನ್ನ ಮುಂದೆ ಹೇಳಿದ. ನಾನು ನಾಚಿಕೆ ಬಿಟ್ಟೆ. ಬೇವೂರಿಗೆ ಹೋಗಿ, ಅವನ ಪಡಸಾಲೆಯಲ್ಲಿ ಕೂತು ಬಾಯಿಬಿಟ್ಟು ಕೇಳಿದೆ, "ಗುರ್ಯಾ, ಈ ಸಲ ನನ್ನ ಹೆಸರು ಹೇಳು. ನನಗೂ ವಯಸ್ಸಾತು. ಇದೊಂದು ಆಸೆ ಐತಿ."

ಅವನು ನನ್ನ ಮುಖ ನೋಡಿ, "ಆತು, ಹೋಗಿ ಬರ್ತೇನಿ" ಎಂದ. ಬೆಂಗಳೂರಿಗೆ ಹೋಗಿ ನಾಲ್ಕು ದಿನ ಇದ್ದು ಬಂದ. ಬಂದವನು ತಾನೇ ಫಾರ್ಮು ತುಂಬಿದ!

ಅವತ್ತು ಅವನ ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. "ಕಾಲು ಎಳಿಯಾಕ ಹತ್ಯಾವ, ಆದ್ರೂ ಖುರ್ಚಿ ಬಿಡಾಕ ಮನಸಿಲ್ಲ ನಿನಗ. ನಾ ಕೊಟ್ಟ ಭಿಕ್ಷಾ ಅದು, ತಿಳೀತಿಲ್ಲೋ?" ಅಂಗಳದ ತುಂಬ ಜನ. ಗುರಪ್ಪ ಹೊಸ್ತಿಲ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ, "ಹೌದೋ ಚನ್ನ್ಯಾ, ಆಸಿ ಭಾಳ ನನಗ. ಬಿಡವಲ್ದು" ಎಂದ. ಅಷ್ಟೇ.

ಆ ಸಲ ಸೋತ. ಸುಳ್ಳು ಯಾಕೆ ಹೇಳಲಿ, ಪೇಢೆ ಹಂಚುವಷ್ಟು ಖುಷಿಯಾಯಿತು. ಅದಾದ ಮೇಲೂ ಪ್ರತಿ ಸೋಮವಾರ ಅವನ ಮನೆಗೆ ಹೋಗುತ್ತಿದ್ದೆ, ಚುಚ್ಚುವುದಕ್ಕೆಂದೇ ಹೋಗುತ್ತಿದ್ದೆ. "ನನಗ ಬಿಟ್ಟಿದ್ರ ಗೆಲ್ತಿದ್ದೆ" ಎನ್ನುತ್ತಿದ್ದೆ. "ಹೂಂನಪಾ, ಗೆಲ್ತಿದ್ದಿ" ಎಂದು ರೊಟ್ಟಿ ಹಾಕಿಸುತ್ತಿದ್ದ. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಅವನು ಮಲಗಿದಾಗ ಕೊನೆಯ ಸಲ ನೋಡಿದೆ. ಅಲ್ಲೂ ಅದೇ ಮಾತು ತೆಗೆದೆ. ಮೂಗಿನ ನಳಿಗೆ ಸರಿಸಿಕೊಂಡು, "ಸೋಮವಾರ ಬಾ, ಬೈಯುವಂತಿ" ಎಂದ. ಶುಕ್ರವಾರವೇ ಹೋದ.

ಶನಿವಾರ ಮಣ್ಣಾಗಿ ಒಂಬತ್ತು ದಿನಕ್ಕೆ ಅವನ ಹೆಂಡತಿ ಶಾಂತವ್ವನನ್ನು ಮಾತಾಡಿಸಲು ಹೋದೆ. ಚಹಾ ತಂದಿಟ್ಟು ಎದುರು ಕೂತಳು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಎಲ್ಲಾ ಚಲೋನ ಇದ್ದ ವೈನಿ. ಅದೊಂದು ಟಿಕೆಟ್ ನನಗ ಬಿಟ್ಟಿದ್ರ..." ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಅಣ್ಣಾರ, ಅವರು ನಾಕು ದಿನ ಬೆಂಗಳೂರಾಗ ಕುಂತಿದ್ದು ನಿಮ್ಮ ಹೆಸರಿಗೇರಿ. ಮ್ಯಾಲಿನವರು, 'ಯಾರ್ರಿ ಅವರು, ಹೆಸರು ಕೇಳಿಲ್ಲಲ್ಲ' ಅಂದ್ರಂತ. ತಾಲೂಕಿನವರನ್ನ ಕೇಳಿದ್ರ, 'ವಕೀಲಗ ನಾವು ಒಂದು ವೋಟೂ ಕೇಳಂಗಿಲ್ಲ' ಅಂದ್ರಂತ. ನೀವರ ನಿಂದರ್ರಿ, ಇಲ್ಲಂದ್ರ ಸೀಟು ಬ್ಯಾರೆಯವರಿಗೆ ಅಂತ ಇವರ ಕೈಯಾಗ ಫಾರ್ಮು ಇಟ್ರು. ಮನಿಗೆ ಬಂದು ಊಟಾ ಮಾಡ್ಲಿಲ್ಲ ಅವತ್ತು."

"ನನಗ ಹೇಳಬೇಕಿತ್ತಲ್ಲ ವೈನಿ!"

"ನಾನೂ ಅದನ್ನ ಅಂದೆ. 'ಬ್ಯಾಡ, ನನ್ನ ಮ್ಯಾಲ ಸಿಟ್ಟಿರಲಿ. ಸಿಟ್ಟಿದ್ರ ಜಗಳಕ್ಕರ ಮನಿಗೆ ಬರ್ತಾನ. ತನ್ನನ್ನ ಯಾರೂ ಬೇಕನ್ನಲಿಲ್ಲ ಅಂತ ತಿಳದ್ರ ಅವ ಹೊರಗ ಬೀಳಂಗಿಲ್ಲ' ಅಂದ್ರು."

ಚಹಾ ಆರಿತ್ತು. ಕುಡಿದು ಬಟ್ಟಲು ಇಟ್ಟೆ. ಸಿಟ್ಟು ಬಂತು. ನನ್ನನ್ನು ಕೇಳದೆ ನನಗೆ ಕನಿಕರ ಪಡಲು ಅವನ್ಯಾರು? "ಲೇ ಗುರ್ಯಾ" ಎಂದು ಗಟ್ಟಿಯಾಗಿ ಕರೆದು, ಅಂಗಳದಲ್ಲಿ ನಿಲ್ಲಿಸಿ ಕೇಳಬೇಕೆನಿಸಿತು. ಜಗಳಕ್ಕೆ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಖರೇ ಕಾರಣವಿತ್ತು. ಅವತ್ತು ಸೋಮವಾರ. ಅವನಿರಲಿಲ್ಲ.