ಸ್ಟೇಷನ್ನಿನ ಬಾಗಿಲಿಗೆ ಕಟ್ಟಿದ ಕುಬಸದ ಸೀರೆ

ಏಕೀಕರಣವಾದ ಮರುವರ್ಷ, ಬೇಸಿಗೆಯ ಒಂದು ಬೆಳಿಗ್ಗೆ, ನಾನೂ ಅಕ್ಕ ಶಂಕ್ರವ್ವನೂ ಗಜೇಂದ್ರಗಡದಿಂದ ಬಾಗಲಕೋಟೆಗೆ ಹೊರಟೆವು. ಅಲ್ಲಿ ಅವಳ ಬಸುರಿ ಮಗಳಿಗೆ ಮರುದಿನ ಕುಬಸ, ಅಂದರೆ ಹೊಸ ಸೀರೆ ಉಡಿಸಿ ಉಡಿ ತುಂಬುವ ಸೀಮಂತ. ಅದಕ್ಕೆಂದೇ ಅಕ್ಕ ಮಗ್ಗಕ್ಕೆ ಕೂತು ನೇಯ್ದ ಹಸಿರು ಸೀರೆ ಅವಳ ಕಂಕುಳಲ್ಲಿತ್ತು. ಬಸ್ಸು ಲಕ್ಕಲಕಟ್ಟಿ ದಾಟುವಷ್ಟರಲ್ಲಿ ಧೂಳಿಗೆ ನಾವಿಬ್ಬರೂ ಒಂದೇ ಬಣ್ಣವಾಗಿದ್ದೆವು.

ರೋಣದಲ್ಲಿ ಮಿರ್ಚಿ ತಿಂದು, ಚಹ ಕುಡಿದು, ಟಾಂಗಾ ಹಿಡಿದು ರೈಲು ಸ್ಟೇಷನ್ನಿನ ದಾರಿ ಹಿಡಿದೆವು. ಟಾಂಗಾದಲ್ಲಿ ಜೊತೆಗಿದ್ದ ಮೆಣಸಿನಕಾಯಿ ವ್ಯಾಪಾರಿ ಹುಸೇನಸಾಬರು ಮಾತು ತೆಗೆದರು.

"ಈ ಸ್ಟೇಷನ್ ಮೊದಲ ಹ್ಯಾಂಗಿತ್ತು ಗೊತ್ತೇನ್ರಿ? ನಾಕ ತಗಡು, ಒಂದ ಬೇವಿನ ಗಿಡ. ಮಳಿ ಬಂದ್ರ ಮಾಸ್ತರು ಛತ್ರಿ ಹಿಡಕೊಂಡ ಟಿಕೀಟ ಕೊಡ್ತಿದ್ರು. ಆಮ್ಯಾಲ ಒಂದ ಖೋಲಿ ಕಟ್ಟಿದ್ರು. ಅದರಾಗ ಮಂದಿಗಿಂತ ಕುರೀನ ಭಾಳ ಕೂಡತಿದ್ವು!"

ಈಗ ಆ ಖೋಲಿಯ ಜಾಗದಲ್ಲಿ ಕೆಂಪು ಹೆಂಚಿನ ಕಟ್ಟಡ, ಹೆಂಗಸರಿಗೆ ಬೇರೆ ಕೋಣೆ, ಕಲ್ಲಿನ ಬೆಂಚು. ಪ್ಲಾಟ್‌ಫಾರ್ಮನ್ನೂ ಎತ್ತರಿಸಿದ್ದರು. ಮುಂಚೆ ಗಾಡಿ ಹತ್ತಬೇಕಾದರೆ ಹಿಂದಿನಿಂದ ಒಬ್ಬರು ದೂಡಬೇಕಿತ್ತು. ನಾವು ಮುಟ್ಟಿದ ದಿನವೇ ಉದ್ಘಾಟನೆ. ಹುಬ್ಬಳ್ಳಿಯಿಂದ ಬಂದ ರೈಲ್ವೆ ಸಾಹೇಬರು ಕತ್ತರಿ ಹಿಡಿದು ನಿಂತಿದ್ದರು. ಕತ್ತರಿಸಲು ಮಾತ್ರ ಏನೂ ಇರಲಿಲ್ಲ. ಬಾಗಿಲಿಗೆ ಕಟ್ಟಿದ್ದ ಪಟ್ಟಿಯನ್ನು ಮಾವಿನ ತೋರಣದ ಸಮೇತ ಆಡೊಂದು ತಿಂದುಬಿಟ್ಟಿತ್ತು.

ಸ್ಟೇಷನ್ ಮಾಸ್ತರರ ಕಣ್ಣು ಅಕ್ಕನ ಕಂಕುಳಲ್ಲಿದ್ದ ಸೀರೆಯ ಮೇಲೆ ಬಿತ್ತು. "ಅವ್ವಾರ, ಆ ಸೀರಿ ಒಂದೀಟ ಕೊಡ್ರಿ."

"ಬಸರಿ ಮಗಳ ಸೀರಿಗೆ ಕತ್ತರಿ ಹಚ್ಚತೀರೇನ್ರಿ?" ಎಂದು ಅಕ್ಕ ಹಿಂದೆ ಸರಿದಳು.

"ಕತ್ತರಿ ಬ್ಯಾಡ, ಗಂಟ ಹಾಕ್ರಿ. ಸಾಹೇಬ್ರು ಬಿಚ್ಚಲಿ. ಹಸಿರಂದ್ರ ಗಾಡಿಗೂ ಚಲೋ," ಎಂದರು ಹುಸೇನಸಾಬರು.

ಮಾಸ್ತರರ ಅಳುಮೋರೆ ನೋಡಲಾರದೆ ಅಕ್ಕ ಒಪ್ಪಿದಳು. ಬಾಗಿಲಿನ ಎರಡು ಕಂಬಗಳಿಗೆ ಸೀರೆ ಸುತ್ತಿ, ನಡುವೆ ತಾನೇ ಗಂಟು ಹಾಕಿದಳು. ನೇಕಾರಳ ಗಂಟು! ಸಾಹೇಬರು ಎಳೆದಷ್ಟೂ ಬಿಗಿಯಾಯಿತು. ಅಷ್ಟರಲ್ಲಿ ಗಾಡಿ ಬಂದೇಬಿಟ್ಟಿತು. ಬೆವೆತ ಸಾಹೇಬರು ಕತ್ತರಿಗೆ ಕೈ ಹಾಕಿದರು.

"ಮೊದಲ ನನ್ನ ಕೈ ಕತ್ತರಸ್ರಿ!" ಅಕ್ಕ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

"ಬಗ್ಗಿ ಬರ್ರೆಪಾ ಎಲ್ಲಾರೂ!" ಎನ್ನುತ್ತ ಹುಸೇನಸಾಬರು ಸೀರೆಯಡಿ ನುಸುಳಿದರು. ಹಿಂದೆಯೇ ಜನ, ಗಂಟುಮೂಟೆ, ಕೊನೆಗೆ ಸಾಹೇಬರೂ ನುಸುಳಿದರು. ಸ್ಟೇಷನ್ ಉದ್ಘಾಟನೆಯಾದದ್ದು ಹೀಗೆ.

ಗಾಡಿ ಹೊರಡುವ ಗಂಟೆ ಹೊಡೆಯಿತು. ಮುಂದಿನ ಗಾಡಿ ಮರುದಿನ ಸಂಜೆಗೆ; ಇದು ತಪ್ಪಿದರೆ ಕುಬಸವೇ ತಪ್ಪುತ್ತಿತ್ತು. ನಾನು ಅಕ್ಕನ ರಟ್ಟೆ ಹಿಡಿದು ಎಳೆದೆ. ಅವಳು ಉಗುರಿನಿಂದ ಗಂಟು ಕೆದರುತ್ತ, "ಬರಿಗೈಲೆ ಮಗಳ ಕುಬಸಕ್ಕ ಹ್ಯಾಂಗ ಹೋಗ್ಲೋ ತಮ್ಮಾ?" ಎಂದು ಅತ್ತಳು.

"ನೀವು ಲಗೂ ಹತ್ತ್ರಿ, ನಾ ಬಿಚ್ಚತೀನಿ," ಎಂದ ಸಾಹೇಬರು ಗಂಟಿಗೆ ಹಲ್ಲು ಹಚ್ಚಿದರು.

ನಾವು ಹತ್ತಿದೆವು, ಗಾಡಿ ಕದಲಿತು. ಕಿಟಕಿಯಲ್ಲಿ ಇಣುಕಿದರೆ, ಕೋಟು ತೊಟ್ಟ ಸಾಹೇಬರು ಸೀರೆ ಹೊತ್ತು ಹೊಸ ಪ್ಲಾಟ್‌ಫಾರ್ಮಿನ ಮೇಲೆ ಓಡಿ ಬರುತ್ತಿದ್ದರು. ಅದರ ಕೆಂಪು ಸೆರಗು ನೆಲಕ್ಕೆ ತಾಗದಂತೆ ಮಾಸ್ತರರು ಹಿಡಿದುಕೊಂಡು ಹಿಂದೆ ಓಡುತ್ತಿದ್ದರು. ಪ್ಲಾಟ್‌ಫಾರ್ಮು ಮುಗಿಯುವಲ್ಲಿ ಸಾಹೇಬರು ಇಡೀ ಸೀರೆಯನ್ನು ಕಿಟಕಿಯೊಳಗೆ ತುರುಕಿದರು. ಅದು ನೇರ ಅಕ್ಕನ ಉಡಿಯಲ್ಲಿ ಬಿತ್ತು.

ಹಿಂತಿರುಗಿ ನೋಡಿದೆ. ಇಬ್ಬರೂ ಮೊಣಕಾಲು ಹಿಡಿದು ಏದುಸಿರು ಬಿಡುತ್ತ, ನಮ್ಮತ್ತ ಕೈ ಬೀಸುತ್ತಿದ್ದರು.

ಅಕ್ಕ ಸೀರೆಯ ಎಳೆ ಎಳೆ ನೋಡಿ, ಎಲ್ಲಿಯೂ ಹರಿದಿಲ್ಲವೆಂದು ಖಾತ್ರಿಯಾದ ಮೇಲೆ ಕಣ್ಣೊರೆಸಿಕೊಂಡು ನಕ್ಕಳು.

"ನೋಡೋ ತಮ್ಮಾ, ಕುಬಸ ಮಗಳಿಗೆ, ಉಡಿ ತುಂಬಿದ್ದು ನನಗ!"