ಹುಳುಮನೆಯ ಕೆಮ್ಮು

ಗೆಳೆಯರೇ, ಇಂದು ನನ್ನ ಬಳಿ ತರಬೇತಿಯಲ್ಲಿರುವ ಕಿರಿಯ ಡಾಕ್ಟರನ್ನು ದಿಬ್ಬೂರಹಳ್ಳಿಗೆ ಕರೆದೊಯ್ದಿದ್ದೆ. ಅಲ್ಲಿ ರೇಷ್ಮೆಹುಳು ಸಾಕುವ ಮನೆಯಲ್ಲಿ ಕೂಲಿಗಿರುವ ಮುನಿಯಮ್ಮನಿಗೆ ಬಿಡದ ಕೆಮ್ಮು.

ಯಜಮಾನ ಕಿರಿಯ ಡಾಕ್ಟರನ್ನು ಬಾಗಿಲಲ್ಲೇ ತಡೆದ. "ಸೆಂಟ್ ಹಾಕ್ಕೊಂಡ್ ಒಳಗ್ ಬಂದ್ರೆ ಹುಳ ಸಾಯ್ತವೆ ಕಣಪ್ಪ!"

"ಹಾಗಾದ್ರೆ ಮುನಿಯಮ್ಮನೇ ಆಸ್ಪತ್ರೆಗೆ ಬರ್ಲಿ," ಎಂದ ಡಾಕ್ಟರ್.

"ನಾನ್ ಬಂದ್ರೆ ಹುಳಕ್ಕೆ ಸೊಪ್ಪು ಹಾಕೋರ್ಯಾರು ಸಾಮಿ? ಕೆಲಸ ಬಿಡಿಸ್ತಾರೆ," ಎಂದು ಅವಳು ಒಳಗಿನಿಂದಲೇ ಕೆಮ್ಮಿದಳು.

ಅವನು ನನ್ನ ಮುಖ ನೋಡಿದ. ಸ್ನಾನಕ್ಕೆ ನೀರು ಕೇಳು ಎಂದೆ. ಮಿಂದು, ಯಜಮಾನನ ಪಂಚೆಯುಟ್ಟು ಒಳಗೆ ಹೋಗಿ ಅವಳ ಎದೆ ಪರೀಕ್ಷಿಸಿದ. ಎಕ್ಸ್‌ರೇ ಆಗಲೇಬೇಕು ಎಂದ.

"ಇವಳ ಕೆಮ್ಮು ಹುಳಕ್ಕೂ ಹತ್ತುತ್ತಾ?" ಯಜಮಾನ ಕೇಳಿದ.

"ವಾಸಿ ಮಾಡಿಸ್ದಿದ್ರೆ ಹತ್ಬೋದು," ಎಂದ ಕಿರಿಯ ಡಾಕ್ಟರ್.

ಯಜಮಾನ ಸೊಪ್ಪಿನ ಕೆಲಸ ಹೆಂಡತಿಗೊಪ್ಪಿಸಿ, ಮುನಿಯಮ್ಮನನ್ನು ಲೂನಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ.

ಕೆಮ್ಮು ಹುಳಕ್ಕೂ ಹತ್ತಬಹುದೆಂಬ ಅವನ ಉತ್ತರಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಪಾಠ ಹೇಳುವ ನಾನೂ ತಿದ್ದಲು ಹೋಗಲಿಲ್ಲ.