ಖಾಲಿ ಮೊಳೆಯಲ್ಲಿ ಕಂಡ ಬಿಲ್ಲೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಎದುರಿಗೆ ಸುಮ್ಮನಿದ್ದರೂ ಒಳಗೇ ನಗುತ್ತಿದ್ದೆ. ಹಾಗಾಗಿ ನೀವು ನಂಬಬೇಕೆಂದು ಕೇಳುವುದಿಲ್ಲ. ನಡೆದಷ್ಟನ್ನು ಬರೆಯುತ್ತೇನೆ.

ಆಗ ಕೆ.ಜಿ.ಎಫ್.ನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ರಸಾಯನಶಾಸ್ತ್ರದಲ್ಲಿ ವೇಗವರ್ಧಕಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಆರನೆಯ ವರ್ಷ, ಕೊನೆಯ ಗಡುವು. ಭಾನುವಾರವೂ ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬಂದು, ಪ್ರಯೋಗಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದೆ.

ಉರಿಗಾಂನ ಗಣಿಯಲ್ಲಿ ದುಡಿದಿದ್ದ ಅಪ್ಪ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನನಗೆ ಕೊಟ್ಟಿದ್ದ. "ಒಳಕ್ಕೋಗೋ ಮುಂಚೆ ಮೊಳೆಗೆ ನೇತಾಕ್ಬೇಕು ಕಣ್ಲಾ. ಬಿಲ್ಲೆ ಐತೆ ಅಂದ್ರೆ ಆಳು ಇನ್ನೂ ಒಳಗವ್ನೆ ಅಂತ." ನಾನು ಅದನ್ನು ಕೋಣೆಯ ಹೊರಗಿನ ಮೊಳೆಗೆ ಹಾಕುತ್ತಿದ್ದೆ. "ಸಾರು ಗಣಿ ಶಾಫ್ಟಿಗೆ ಇಳಿದವ್ರೆ," ಎಂದು ನಗುತ್ತಿದ್ದ ಅಟೆಂಡರ್ ಸೆಲ್ವರಾಜ್, ಮೊಳೆಯಲ್ಲಿ ಅದಿಲ್ಲವೆಂದು ನೋಡಿಕೊಂಡೇ ಬೀಗ ಹಾಕುತ್ತಿದ್ದ.

ಆ ಮಧ್ಯಾಹ್ನ ಬಿಲ್ಲೆ ಮರೆತು ಬಂದಿದ್ದೆ. ನುಣ್ಣನೆಯ ಪುಡಿ ಹಾರದಿರಲೆಂದು ಕಿಟಕಿ, ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ ವೇಗವರ್ಧಕ ತೂಗುತ್ತಿದ್ದೆ. ಹೊರಗೆ ಬೀಗ ಬಿದ್ದ ಸದ್ದಾಯಿತು. ಕೂಗಲೆಂದು ಎದ್ದರೆ ದನಿ ಬರಲಿಲ್ಲ, ಮೊಣಕಾಲು ಕುಸಿಯಿತು. ನೆಲದಿಂದ ನೋಡಿದಾಗ ಕಂಡಿತು: ನೈಟ್ರೋಜನ್ ಸಿಲಿಂಡರಿನ ಕೊಳವೆ ಫ್ಲಾಸ್ಕಿನಿಂದ ಕಳಚಿ ನೇತಾಡುತ್ತಿತ್ತು. ಆ ಅನಿಲಕ್ಕೆ ವಾಸನೆಯಿಲ್ಲ, ಆದರೆ ಅದು ತುಂಬಿದಲ್ಲಿ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ. ಎಷ್ಟು ಹೊತ್ತಿನಿಂದ ಕೋಣೆ ತುಂಬುತ್ತಿತ್ತೋ ತಿಳಿಯದು. ಸಿಲಿಂಡರ್ ಮೂರು ಹೆಜ್ಜೆ, ಕಿಟಕಿ ನಾಲ್ಕು ಹೆಜ್ಜೆ ಎಂದುಕೊಂಡಿದ್ದು ನೆನಪಿದೆ. ಕೈ ಎತ್ತಲಾಗಲಿಲ್ಲ.

ಎಚ್ಚರವಾದಾಗ ವರಾಂಡದಲ್ಲಿದ್ದೆ. ಸೆಲ್ವರಾಜ್ ಬೆವರುತ್ತಿದ್ದ.

"ಮೊಳೆ ಖಾಲಿ ಇತ್ತು, ಬೀಗ ಆಕ್ದೆ ಸಾರ್. ಗೇಟ್ ತಾವ ಓಗಿ ತಿರುಗಿ ನೋಡುದ್ರೆ ಮೊಳೇಲಿ ಬಿಲ್ಲೆ ಪಳಪಳ ಒಳೀತಾ ಐತೆ. ನಾನು ಕುರುಡನಾ ಅಂತ ನನ್ನೇ ಬೈಕಂಡು ಓಡ್ಬಂದೆ."

ಇಬ್ಬರೂ ಮೊಳೆಯತ್ತ ನೋಡಿದೆವು. ಅದು ಖಾಲಿಯಿತ್ತು. ಅವನು ಬಗ್ಗಿ ನೆಲವನ್ನೂ ಹುಡುಕಿದ.

ಬಿಲ್ಲೆ ಮನೆಯಲ್ಲಿ, ಹಿಂದಿನ ದಿನದ ಅಂಗಿಯ ಜೇಬಿನಲ್ಲೇ ಇತ್ತು. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು, "ಬಿಲ್ಲೆ ನಂಬರ್ ನೋಡುದ್ನಾ?" ಎಂದು ಮಾತ್ರ ಕೇಳಿದ. ಸೆಲ್ವರಾಜ್ ನೋಡಿರಲಿಲ್ಲ. ಹಾಗೇಕೆ ಕೇಳಿದ, ಯಾರ ನಂಬರ್ ಅವನ ಮನಸ್ಸಿನಲ್ಲಿತ್ತು ಎಂಬುದನ್ನು ಅಪ್ಪ ಈವರೆಗೂ ಹೇಳಿಲ್ಲ.

ನಮ್ಮ ಕೆಲಸದಲ್ಲಿ ಒಮ್ಮೆ ಮಾತ್ರ ಬಂದ ಫಲಿತಾಂಶವನ್ನು ಬರೆದಿಡುತ್ತೇವೆ, ನಂಬುವುದಿಲ್ಲ. ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಬೇಕು. ಇದನ್ನು ಬರೆದಿಟ್ಟಿದ್ದೇನೆ. ಬಿಲ್ಲೆಯನ್ನು ಮಾತ್ರ ಅಂದಿನಿಂದ ಒಂದು ದಿನವೂ ಮರೆತಿಲ್ಲ.